ಹೆಲ್ಮೆಟ್ ಇರಲಿಲ್ಲ ಅಂದಮಾತ್ರಕ್ಕೆ ತಪ್ಪು ಮಗಳದ್ದಾಗುತ್ತಾ?

ಪ್ರಶ್ನೆ: ನಾವು ಮಂಡ್ಯ ಪಕ್ಕದ ಹಳ್ಳಿಯವರು. ಮಗಳು ಒಂಬತ್ತನೇ ಕ್ಲಾಸು. ಹೈವೇ ಸರ್ವಿಸ್ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಸ್ಕೂಲಿಗೆ ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಒಂದು ಕಾರು ಓವರ್‌ಟೇಕ್ ಮಾಡುವಾಗ ಅವಳ ಹ್ಯಾಂಡಲ್‌ಗೆ ತಗುಲಿ ಬಿದ್ದಳು. ಮುಂಗೈ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರು. ಕಾರಿನವರು ಆಸ್ಪತ್ರೆವರೆಗೆ ಬಂದರು. ಆದರೆ "ಹುಡುಗಿ ಹೆಲ್ಮೆಟ್ ಹಾಕಿಲ್ಲ, ಕೇಸ್ ಹಾಕಿದರೂ ನಿಲ್ಲಲ್ಲ" ಅಂತ ಹೇಳಿ ಎರಡು ಸಾವಿರ ಕೊಟ್ಟು ಹೋದರು. ಲಾರಿ ಓಡಿಸುವ ನಮ್ಮ ಭಾವನವರು "ಸೈಕಲ್‌ನವರಿಗೂ ಹೆಲ್ಮೆಟ್ ಕಡ್ಡಾಯ ಮಾಡಬೇಕು, ಎಲ್ಲದಕ್ಕೂ ಬರೀ ನಮ್ಮನ್ನೇ ಬೈತಾರೆ" ಅನ್ನುತ್ತಾರೆ. ಸೈಕಲ್‌ಗೆ ಹೆಲ್ಮೆಟ್ ಕಾನೂನು ಇದೆಯಾ? ತಪ್ಪು ನಮ್ಮದೇನಾ? ಹೆಲ್ಮೆಟ್ ಕೊಡಿಸುವುದಾದರೆ ಎಂಥದ್ದು? ಅವಳು ಈಗ ಬ್ಯಾಟರಿ ಸೈಕಲ್ ಬೇಕು ಅಂತ ಹಠ ಹಿಡಿದಿದ್ದಾಳೆ, ಕೊಡಿಸಬಹುದಾ?

ಉತ್ತರ: ನೋಡಿ ಅಮ್ಮ, ಆ ಕಾರಿನವರು ಹೇಳಿದ್ದು ಸುಳ್ಳು. ಗೊತ್ತಿದ್ದು ಹೇಳಿದರೋ ಗೊತ್ತಿಲ್ಲದೆ ಹೇಳಿದರೋ, ಅದು ಬೇರೆ ಮಾತು. ಮೈಸೂರಿನ ಕೋರ್ಟಿನಲ್ಲಿ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ನನಗೆ ಈ ಮಾತು ಹೊಸದಲ್ಲ. ಸೈಕಲ್‌ನವರು ಬಿದ್ದಾಗಲೆಲ್ಲ ಯಾರಾದರೂ ಒಬ್ಬರು ಹೆಲ್ಮೆಟ್ ಮಾತು ತೆಗೆದೇ ತೆಗೆಯುತ್ತಾರೆ.

ನಮ್ಮ ದೇಶದಲ್ಲಿ ಸೈಕಲ್ ಸವಾರರು ಹೆಲ್ಮೆಟ್ ಹಾಕಲೇಬೇಕು ಅನ್ನುವ ಕಾನೂನು ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಂ ಹೇಳುವುದು ಮೋಟಾರ್ ಸೈಕಲ್‌ನವರ ಬಗ್ಗೆ. ತುಳಿಯುವ ಸೈಕಲ್ ಆ ಕಾಯಿದೆ ಪ್ರಕಾರ ಮೋಟಾರು ವಾಹನವೇ ಅಲ್ಲ. ಹಾಗಾಗಿ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಹೆಲ್ಮೆಟ್ ದಂಡವೂ ಇಲ್ಲ. ಒಂದು ತಮಾಷೆ ಹೇಳುತ್ತೇನೆ. ಸೈಕಲ್ ಹೆಲ್ಮೆಟ್‌ನ ಹೆಸರು ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ಬರುವುದು ಬೈಕಿನ ವಿಷಯದಲ್ಲಿ! ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕಲ್ಲಿ ಕೂರಿಸಿಕೊಂಡರೆ ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಬೇಕು, ಅದು ಸೈಕಲ್ ಹೆಲ್ಮೆಟ್ ಆದರೂ ಆಗುತ್ತೆ, ವೇಗ 40 ಕಿಲೋಮೀಟರ್ ದಾಟಬಾರದು ಅಂತ 2022ರಲ್ಲಿ ನಿಯಮ ಮಾಡಿದರು. 2023ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ನಮ್ಮ ಸಂತೆಪೇಟೆಯಲ್ಲಿ ಅದನ್ನು ಪಾಲಿಸಿದವರನ್ನು ನಾನಂತೂ ಕಂಡಿಲ್ಲ.

ಇನ್ನು ತಪ್ಪಿನ ವಿಷಯ. ನಿಮ್ಮ ಮಗಳಿಗೆ ಮುರಿದದ್ದು ಮುಂಗೈ. ತಲೆಗೆ ಹೆಲ್ಮೆಟ್ ಇದ್ದಿದ್ದರೆ ಮುಂಗೈ ಉಳಿಯುತ್ತಿತ್ತಾ? ಕಾರು ಹ್ಯಾಂಡಲ್‌ಗೆ ತಗುಲುವುದು ತಪ್ಪುತ್ತಿತ್ತಾ? ಎರಡೂ ಇಲ್ಲ. ಕೋರ್ಟು ಕೇಳುವುದೂ ಇದನ್ನೇ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಬೈಕಿನಲ್ಲಿ ಮೂವರು ಹೋಗುತ್ತಿದ್ದರು, ಹಿಂದಿನಿಂದ ಕಾರು ಗುದ್ದಿತ್ತು. ಮೂವರು ಕೂತಿದ್ದು ನಿಯಮಕ್ಕೆ ವಿರುದ್ಧ, ನಿಜ. ಆದರೆ ಅದರಿಂದಲೇ ಅಪಘಾತವಾಯಿತು ಅಥವಾ ಗಾಯ ಜಾಸ್ತಿಯಾಯಿತು ಅಂತ ತೋರಿಸದೆ, ಸತ್ತವರದ್ದೂ ಪಾಲು ತಪ್ಪಿದೆ ಅಂತ ಪರಿಹಾರ ಕಡಿತ ಮಾಡುವ ಹಾಗಿಲ್ಲ ಅಂದಿತು. ಅಲ್ಲಿ ನಿಯಮ ಮುರಿದಿದ್ದರೂ ಹೀಗೆ. ನಿಮ್ಮ ಮಗಳು ಯಾವ ನಿಯಮವನ್ನೂ ಮುರಿದಿಲ್ಲ. ಅದರ ಮೇಲೆ ಅವಳು ಮಗು. ಮಕ್ಕಳಿಂದ ದೊಡ್ಡವರಷ್ಟು ಎಚ್ಚರವನ್ನು ಕೋರ್ಟು ನಿರೀಕ್ಷಿಸುವುದೂ ಇಲ್ಲ.

ಒಂದು ಮಾತು ಮಾತ್ರ ಮುಚ್ಚಿಡುವುದಿಲ್ಲ. ತಲೆಗೇ ಪೆಟ್ಟಾಗಿದ್ದರೆ ಎದುರು ವಕೀಲರು ಹೆಲ್ಮೆಟ್ ಪ್ರಶ್ನೆ ಎತ್ತುತ್ತಿದ್ದರು. ಬ್ರಿಟನ್ನಿನಲ್ಲೂ ಸೈಕಲ್ ಹೆಲ್ಮೆಟ್ ಕಡ್ಡಾಯವಲ್ಲ. ಆದರೂ ಹೆಲ್ಮೆಟ್ ಹಾಕದೆ ತಲೆಗೆ ಪೆಟ್ಟು ಮಾಡಿಕೊಂಡ ಸವಾರನ ಪರಿಹಾರವನ್ನು ತಾತ್ವಿಕವಾಗಿ ಕಡಿಮೆ ಮಾಡಬಹುದು ಅಂತ 2009ರಲ್ಲಿ ಅಲ್ಲಿನ ಕೋರ್ಟೊಂದು ಹೇಳಿದೆ. ಹೇಳಿ, ಆ ಕೇಸಿನಲ್ಲಿ ಕಡಿಮೆ ಮಾಡಲಿಲ್ಲ. ಹೆಲ್ಮೆಟ್ ಇದ್ದಿದ್ದರೆ ಆ ಪೆಟ್ಟು ತಪ್ಪುತ್ತಿತ್ತು ಅಂತ ಸಾಬೀತಾಗಲಿಲ್ಲ, ಅದಕ್ಕೆ.

ಈಗ ಮಾಡಬೇಕಾದ ಕೆಲಸ. ಅಪಘಾತವಾದ ದಿನದಿಂದ ಆರು ತಿಂಗಳ ಒಳಗೆ ಪರಿಹಾರದ ಅರ್ಜಿ ಹಾಕಬೇಕು ಅಂತ ಕಾಯಿದೆಯ 166ನೇ ಕಲಂ ಹೇಳುತ್ತದೆ. ಎರಡು ತಿಂಗಳು ಆಗಲೇ ಹೋಗಿದೆ, ಹಬ್ಬ ಮುಗಿಯಲಿ ಅಂತ ಕೂರಬೇಡಿ. ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ, ಬರೆದಿದ್ದಾರಾ ಕೇಳಿ. ರಸ್ತೆ ಅಪಘಾತ ಅಂತ ಹೇಳಿದ್ದರೆ ಸಾಮಾನ್ಯವಾಗಿ ಬರೆದಿರುತ್ತಾರೆ. ನಮ್ಮವರು ಸ್ಟೇಷನ್ ಸಹವಾಸ ಬೇಡ ಅಂತ "ಮನೇಲಿ ಜಾರಿಬಿದ್ದಳು" ಅಂತ ಬರೆಸಿಬಿಡುತ್ತಾರೆ. ಆಮೇಲೆ ಆ ಒಂದು ಸಾಲೇ ಕುತ್ತಿಗೆಗೆ ಬರುತ್ತೆ. ಎಕ್ಸ್‌ರೇ, ಬಿಲ್ಲು, ಡಿಸ್ಚಾರ್ಜ್ ಚೀಟಿ ಎಲ್ಲ ಒಂದು ಕವರಿನಲ್ಲಿಡಿ. ಬಗ್ಗಿದ ಹ್ಯಾಂಡಲ್ ಇನ್ನೂ ರಿಪೇರಿ ಮಾಡಿಸಿಲ್ಲ ಅಂದರೆ ಫೋಟೋ ತೆಗೆದು ಆಮೇಲೆ ಮಾಡಿಸಿ. ಪೊಲೀಸ್ ದೂರು ಕೊಟ್ಟಿಲ್ಲದಿದ್ದರೆ ಈಗಲೇ ಕೊಡಿ. ಯಾಕೆ ತಡವಾಯಿತು ಅನ್ನುವುದನ್ನು ದೂರಿನಲ್ಲೇ ಬರೆಯಿರಿ: ಮಗಳ ಕೈಗೆ ಪ್ಲಾಸ್ಟರ್ ಇತ್ತು, ಕಾರಿನವರು ಕೇಸ್ ನಿಲ್ಲಲ್ಲ ಅಂದಿದ್ದನ್ನು ನಂಬಿದೆವು. ಅದು ನಿಜವೂ ಹೌದಲ್ವಾ? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯ ಒಳಗೆ ಪೊಲೀಸರಿಗೆ ತಿಳಿಸುವುದು, ಎರಡೂ ಡ್ರೈವರ್ ಜವಾಬ್ದಾರಿ. ಆ ಮನುಷ್ಯ ಮೊದಲನೆಯದನ್ನು ಮಾಡಿದ್ದಾರೆ, ಎರಡನೆಯದನ್ನು ಮಾಡಿದ ಹಾಗೆ ಕಾಣುವುದಿಲ್ಲ.

ಹಣ ಕೊಡಬೇಕಾದ್ದು ಅವರ ಜೇಬಿನಿಂದ ಅಲ್ಲ, ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದೇ ಇಂಥದ್ದಕ್ಕೆ. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. 2019ರ ತಿದ್ದುಪಡಿ ಆದಮೇಲೆ 164ನೇ ಕಲಂ ಪ್ರಕಾರ, ಯಾರ ತಪ್ಪು ಅಂತ ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ತಪ್ಪು ಸಾಬೀತು ಮಾಡಿ 166ರ ದಾರಿ ಹಿಡಿಯುವುದೂ ಉಂಟು. ಒಂದನ್ನು ಒಪ್ಪಿಕೊಂಡು ಹಣ ಪಡೆದರೆ ಇನ್ನೊಂದು ಬಿದ್ದುಹೋಗುತ್ತದೆ. ನಿಮ್ಮ ಕಾಗದ ನೋಡಿದ ವಕೀಲರು ಯಾವುದು ಒಳ್ಳೆಯದು ಅಂತ ಹೇಳಲಿ. ಅರ್ಜಿಯನ್ನು ಮಂಡ್ಯದಲ್ಲೇ ಹಾಕಬಹುದು, ಕಾರಿನವರು ಬೆಂಗಳೂರಿನವರು ಅಂತ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಎರಡು ಸಾವಿರ ತಗೊಂಡಿದ್ದರಿಂದ ಏನೂ ಮುಳುಗಿಲ್ಲ. ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದರೆ ಮಾತ್ರ ಅದರ ಪ್ರತಿ ಹುಡುಕಿ.

ಭಾವನವರ ಮಾತಿಗೆ ಬರೋಣ. ಅವರನ್ನು ಸುಮ್ನೆ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ರಾತ್ರಿ ಹೊತ್ತು ಮದ್ದೂರು ಕಡೆಯಿಂದ ಲೋಡ್ ತರುವವರಿಗೆ ದೀಪವಿಲ್ಲದ ಸೈಕಲ್ ಅಂದರೆ ಎಂಥ ಭಯ ಅಂತ ಅವರ ಪಕ್ಕ ಕೂತವರಿಗೇ ಗೊತ್ತು. ಹಿಂದೆ ಸೈಕಲ್‌ಗೆ ಮುನಿಸಿಪಾಲಿಟಿ ಬಿಲ್ಲೆ ಇತ್ತು. ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಟೈರಿನ ಗಾಳಿ ಬಿಟ್ಟು ಕಳಿಸುತ್ತಿದ್ದರು. ಚಕ್ರಕ್ಕೆ ಉಜ್ಜಿಕೊಂಡು ಗುಂಯ್ ಅನ್ನುವ ಡೈನಮೋ ಆದರೂ ಇರುತ್ತಿತ್ತು. ಈಗ ಅದೂ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿಗೆ, ಅಂದರೆ ರಾಂಗ್ ಸೈಡಲ್ಲಿ ಬರುವ ಸೈಕಲ್‌ಗಳೂ ಬೇಕಾದಷ್ಟಿವೆ.

ಆದರೆ ಯಾಕೆ ರಾಂಗ್ ಸೈಡಲ್ಲಿ ಬರುತ್ತಾರೆ ಅಂತ ಒಂದು ದಿನ ನಿಂತು ನೋಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಆ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಬರುವ ಹಾಗಿಲ್ಲ ಅಂತಾಯಿತು. ನಿರ್ಧಾರ ಸರಿಯಾದದ್ದೇ, ನೂರರ ವೇಗದ ಕಾರುಗಳ ಮಧ್ಯೆ ಸೈಕಲ್‌ಗೆ ಏನು ಕೆಲಸ? ಆದರೆ ಅವೆಲ್ಲ ಈಗ ಸರ್ವಿಸ್ ರಸ್ತೆಗೆ ಇಳಿದಿವೆ. ಹೆದ್ದಾರಿಯ ಆಚೆ ಬದಿಯಲ್ಲಿ ಸ್ಕೂಲು ಇರುವ ಮಗು ನಿಯಮದ ಪ್ರಕಾರ ಹೋಗಬೇಕಾದರೆ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿ ಬರಬೇಕು. ಬೆಲ್ ಹೊಡೆಯಲು ಐದು ನಿಮಿಷ ಇದೆ. ಅದು ಎಡಕ್ಕೆ ಹೋಗುತ್ತಾ, ನೇರ ಎದುರಿಗೆ ನುಗ್ಗುತ್ತಾ? ಮಗುವಿಗೆ ಬೈಯುವುದು ಸುಲಭ. ರಸ್ತೆ ಹಾಗೆ ಕಟ್ಟಿದವರನ್ನು ಕೇಳುವವರು ಕಡಿಮೆ. ಕಾಯಿದೆಯಲ್ಲಿ ಅದಕ್ಕೂ ಜಾಗ ಇದೆ. 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ, ನಿಗದಿಯಾದ ಸುರಕ್ಷತಾ ಮಟ್ಟಕ್ಕೆ ತಕ್ಕಂತೆ ರಸ್ತೆ ಮಾಡದೆ, ನಿರ್ವಹಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ. ಒಂದು ಲಕ್ಷ ಏನು ಮಹಾ ಅಂತ ನನಗೂ ಅನ್ನಿಸುತ್ತೆ. ಆದರೂ ಗ್ರಾಮ ಪಂಚಾಯಿತಿಯಿಂದಲೋ ಸ್ಕೂಲಿನ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಕಡೆಯಿಂದಲೋ ಆ ಕಲಂ ಹೆಸರು ಹಾಕಿ ಒಂದು ಪತ್ರ ಕಳಿಸಿ ನೋಡಿ. ಬರೀ "ಮಾನ್ಯರೇ, ದಯವಿಟ್ಟು" ಅಂತ ಬರೆದ ಪತ್ರಕ್ಕಿಂತ ಅದು ಬೇಗ ಓಡುತ್ತೆ.

ಕಬ್ಬಿನ ಸೀಸನ್ನಿನಲ್ಲಿ ನಿಮ್ಮ ಕಡೆ ನೋಡುವ ಇನ್ನೊಂದು ಚಿತ್ರ. ಟ್ರ್ಯಾಕ್ಟರ್‌ಗೆ ಎರಡು ಟ್ರೈಲರ್, ಅಗಲ ಮೀರಿ ಚಾಚಿದ ಕಬ್ಬು, ಹಿಂದೆ ಕೆಂಪು ದೀಪವಿಲ್ಲ. ಪಂಕ್ಚರ್ ಆದರೆ ಅಲ್ಲೇ ರಸ್ತೆ ಮೇಲೆ ನಿಲ್ಲಿಸಿ, ಸುತ್ತ ನಾಲ್ಕು ಕಲ್ಲಿಟ್ಟು, ಒಂದು ಸೊಪ್ಪಿನ ಕೊಂಬೆ ಸಿಕ್ಕಿಸುತ್ತಾರೆ. ರಿಪೇರಿಯಾದ ಮೇಲೆ ಟ್ರ್ಯಾಕ್ಟರ್ ಹೋಗುತ್ತೆ, ಕಲ್ಲು ಅಲ್ಲೇ ಉಳಿಯುತ್ತೆ. ಕತ್ತಲಲ್ಲಿ ಬರುವ ಸೈಕಲ್‌ಗೆ ಮೊದಲು ಟ್ರೈಲರ್ ಯಮ, ಆಮೇಲೆ ಆ ಕಲ್ಲು. ಅಪಾಯವಾಗುವ ಹಾಗೆ ವಾಹನ ನಿಲ್ಲಿಸಬಾರದು ಅಂತ 122ನೇ ಕಲಂ ಹೇಳುತ್ತದೆ. ಅಲ್ಲಿ ಬಿದ್ದವನಿಗೂ "ಹೆಲ್ಮೆಟ್ ಎಲ್ಲಿ?" ಅಂತ ಕೇಳುವುದೇ?

ಹಾಗಾದರೆ ಕಡ್ಡಾಯ ಮಾಡಬೇಕಾ? ನನ್ನ ಅಭಿಪ್ರಾಯ: ಹೆಲ್ಮೆಟ್ ಹಾಕಬೇಕು, ಆದರೆ ಸೈಕಲ್‌ಗೆ ದಂಡದ ಕಾನೂನು ಬೇಡ.

ಹೆಲ್ಮೆಟ್ ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಬೇಡ. 2016ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ಲೆಕ್ಕ ಅದು. ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಶೇ 69ರಷ್ಟು ಕಡಿಮೆ ಇತ್ತು. ಆದರೆ ಅದೇ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈ 1ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿದಾಗ, ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೇ ಚೆನ್ನಾಗಿ ಇಳಿದುಬಿಟ್ಟಿತು. ರಸ್ತೆಯಲ್ಲಿ ಸೈಕಲ್ ಕಡಿಮೆಯಾದರೆ ಡ್ರೈವರ್‌ಗಳ ಕಣ್ಣು ಸೈಕಲ್ಲನ್ನು ಹುಡುಕುವುದನ್ನೇ ಮರೆಯುತ್ತದೆ. ಉಳಿದ ಕೆಲವರಿಗೆ ಅಪಾಯ ಇನ್ನೂ ಜಾಸ್ತಿ. ಇಸ್ರೇಲ್ 2007ರಲ್ಲಿ ಕಡ್ಡಾಯ ಮಾಡಿ 2011ರಲ್ಲಿ ಊರೊಳಗೆ ಓಡಾಡುವ ದೊಡ್ಡವರಿಗೆ ಸಡಿಲಿಸಿತು. ಅಮೆರಿಕದ ಸಿಯಾಟಲ್ ಇರುವ ಕಿಂಗ್ ಕೌಂಟಿ 2022ರಲ್ಲಿ ಆ ಕಾನೂನನ್ನೇ ತೆಗೆದುಹಾಕಿತು. ಸಿಯಾಟಲ್‌ನಲ್ಲಿ ಬೀಳುತ್ತಿದ್ದ ದಂಡದಲ್ಲಿ ಹತ್ತಿರ ಹತ್ತಿರ ಅರ್ಧ ಮನೆಮಠ ಇಲ್ಲದ ಬಡವರಿಗೆ.

ನಮ್ಮಲ್ಲೂ ಹಾಗೇ ಆಗುತ್ತೆ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಗೇರ್ ಸೈಕಲ್‌ನವರ ತಲೆಯಲ್ಲಿ ಹೆಲ್ಮೆಟ್ ಇದ್ದೇ ಇರುತ್ತೆ, ಅವರಿಗೆ ಕಾನೂನು ಬೇಕಿಲ್ಲ. ಮೇಟಗಳ್ಳಿ ಕಡೆ ಶಿಫ್ಟಿಗೆ ಹೋಗುವವರು, ಮುಂಜಾನೆ ಕ್ಯಾನ್ ನೇತುಹಾಕಿಕೊಂಡು ಡೇರಿಗೆ ಹಾಲು ಒಯ್ಯುವವರು, ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕಟ್ಟಿದವರು ಇವರೇ ಸಿಕ್ಕಿಬೀಳುವವರು. ದಿನಗೂಲಿಯಷ್ಟು ದಂಡ ಕಟ್ಟುವ ಬದಲು ಅವರು ಸೈಕಲ್ಲನ್ನೇ ಮೂಲೆಗೆ ಹಾಕಿ ಸೆಕೆಂಡ್ ಹ್ಯಾಂಡ್ ಮೊಪೆಡ್ ತಗೊಳ್ಳುತ್ತಾರೆ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುಮಾಡಿದ್ದು ಜನ ಸೈಕಲ್ ಹತ್ತಲಿ ಅಂತ. ಕಾರ್ಡ್ ಉಜ್ಜಿ ಸೈಕಲ್ ಎತ್ತಿಕೊಳ್ಳುವವರ ಬ್ಯಾಗಲ್ಲಿ ಹೆಲ್ಮೆಟ್ ಇರಲೇಬೇಕು ಅಂದರೆ ಯಾರು ಹತ್ತುತ್ತಾರೆ? ಮಕ್ಕಳ ಮಾತು ಬೇರೆ. ಅದನ್ನು ಸ್ಕೂಲುಗಳು ಮಾಡಬೇಕು, ಟೈ, ಬೆಲ್ಟು ಕಡ್ಡಾಯ ಮಾಡುವವರಿಗೆ ಇದು ಕಷ್ಟವೇ?

ಜವಾಬ್ದಾರಿ ತೂಕಕ್ಕೆ ತಕ್ಕ ಹಾಗೆ ಇರಬೇಕು ಅನ್ನುವುದು ನನ್ನ ವಾದ. ನೆದರ್‌ಲೆಂಡ್ಸ್‌ನಲ್ಲಿ ಹೆಲ್ಮೆಟ್ ಹಾಕುವವರು ಕಡಿಮೆ, ಕಾನೂನೂ ಇಲ್ಲ. ಆದರೆ ಕಾರು ಸೈಕಲ್‌ಗೆ ತಗುಲಿದರೆ, ಸವಾರ 14 ವರ್ಷದೊಳಗಿನ ಮಗುವಾದರೆ ಹೆಚ್ಚುಕಮ್ಮಿ ಪೂರ್ತಿ ಪರಿಹಾರ ಕಾರಿನ ಕಡೆಯಿಂದ. ದೊಡ್ಡವರಾದರೆ ಅವರದ್ದೂ ತಪ್ಪಿದ್ದರೂ ಕನಿಷ್ಠ ಅರ್ಧ. ಅಲ್ಲಿಯವರು ಹುಟ್ಟಾ ಒಳ್ಳೆಯವರು ಅಂತಲ್ಲ. 1971ರ ಒಂದೇ ವರ್ಷ ಅಲ್ಲಿ ರಸ್ತೆಯಲ್ಲಿ ಸುಮಾರು 3,300 ಜನ, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತಾಗ ತಂದೆತಾಯಿಗಳು ಬೀದಿಗಿಳಿದರು. ಆಮೇಲೆ ಸೈಕಲ್ ದಾರಿಗಳು ಬಂದವು. ಬ್ರಿಟನ್ 2022ರಲ್ಲಿ ತನ್ನ ಹೆದ್ದಾರಿ ಸಂಹಿತೆ ಬದಲಿಸಿ, ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಅಂತ ಬರೆಯಿತು. ಸೈಕಲ್ ದಾಟುವಾಗ ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂದಿತು. ನಮ್ಮ 2017ರ ವಾಹನ ಚಾಲನಾ ನಿಯಮಗಳೂ ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವಯಸ್ಸಾದವರ ಬಗ್ಗೆ ಡ್ರೈವರ್‌ಗಳು ವಿಶೇಷ ಎಚ್ಚರ ವಹಿಸಬೇಕು ಅನ್ನುತ್ತವೆ. ಲೈಸೆನ್ಸ್ ಟೆಸ್ಟ್‌ನಲ್ಲಿ ಎಂಟು ಹಾಕಿಸುವವರು ಇದನ್ನೊಂದು ಮಾತು ಕೇಳಿದರೆ ಚೆನ್ನಾಗಿರುತ್ತೆ.

ಭಾವನವರಿಗೆ ಎರಡೇ ಮಾತು ಹೇಳಿ. ಹಳ್ಳಿ ಬಂದಾಗ ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿ. ವಾಹನ 50ರಲ್ಲಿ ಗುದ್ದುವುದಕ್ಕೂ 65ರಲ್ಲಿ ಗುದ್ದುವುದಕ್ಕೂ ನಡೆದು ಹೋಗುವವರ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎರಡನೆಯದು ಎಡಕ್ಕೆ ತಿರುಗಿಸುವ ಮುಂಚೆ ಎಡಗಡೆ ಕನ್ನಡಿ. ಮಗಳಿಗೂ ಅಷ್ಟೇ ಬಿಗಿಯಾಗಿ ಹೇಳಿ: ನಿಂತ ಲಾರಿ, ಬಸ್ಸಿನ ಎಡಕ್ಕೆ ನುಸುಳಬಾರದು. ಅದರ ಡ್ರೈವರ್‌ಗೆ ನೀನು ಕಾಣುವುದೇ ಇಲ್ಲ. ಮನೆಯಲ್ಲಿ ಕಾರು ಇರುವವರು ಬಾಗಿಲನ್ನು ದೂರದ ಕೈಯಿಂದ ತೆಗೆಯುವ ಅಭ್ಯಾಸ ಮಾಡಲಿ. ಡ್ರೈವರ್ ಸೀಟಿನವರು ಎಡಗೈಯಿಂದ ತೆಗೆದರೆ ಮೈ ತಾನಾಗೇ ತಿರುಗಿ ಹಿಂದೆ ಬರುವ ಸೈಕಲ್ ಕಾಣುತ್ತೆ.

ಹೆಲ್ಮೆಟ್ ಕೊಡಿಸಿ, ಆದರೆ ಬೈಕಿನದು ಬೇಡ. ಅದು ಭಾರ, ಸೆಕೆ, ಕಿವಿಯೂ ಮುಚ್ಚಿಕೊಳ್ಳುತ್ತೆ, ಒಂದು ವಾರಕ್ಕೆ ಮೂಲೆ ಸೇರುತ್ತೆ. ಸೈಕಲ್ ಹೆಲ್ಮೆಟ್ 250–300 ಗ್ರಾಂ ಅಷ್ಟೇ. ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತ ಚೀಟಿ ಇದೆಯಾ ನೋಡಿ. ಮೊದಲನೆಯದು ಯುರೋಪಿನ, ಎರಡನೆಯದು ಅಮೆರಿಕದ ಪರೀಕ್ಷೆ. ಇಎನ್ 1078ರಲ್ಲಿ ಹೆಲ್ಮೆಟ್ ತೊಡಿಸಿದ ತಲೆಯ ಅಚ್ಚನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ನೆಲ ಮುಟ್ಟುವಾಗ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಅಂದರೆ ಇದು ಹಂಪ್ ಎಗರಿ, ಮರಳಲ್ಲಿ ಜಾರಿ ಬೀಳುವ ತಲೆಗೆ ಮಾಡಿದ್ದು, ಲಾರಿ ಚಕ್ರಕ್ಕಲ್ಲ. ಒಳಗಿನ ಫೋಮ್ ಟಿವಿ ಡಬ್ಬದ ಥರ್ಮೊಕೋಲ್ ಇದ್ದ ಹಾಗೆ, ತಾನು ಪುಡಿಯಾಗಿ ಒಳಗಿನದನ್ನು ಉಳಿಸುತ್ತೆ. ಒಂದು ಸಲ ಜೋರಾಗಿ ಬಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ.

ಅಂಗಡಿಗೆ ಮಗಳನ್ನೇ ಕರೆದುಕೊಂಡು ಹೋಗಿ. ಸ್ಕೂಲಿಗೆ ಹಾಕುವ ಎರಡು ಜಡೆ ಹಾಕಿಕೊಂಡೇ ಬರಲಿ. ಜಡೆ ಕಿವಿ ಹಿಂದೆ ಕೆಳಗಿದ್ದರೆ ತೊಂದರೆ ಇಲ್ಲ, ಮೇಲೆತ್ತಿ ಮಡಚಿ ಕಟ್ಟಿದ ಜಡೆ, ದಪ್ಪ ಕ್ಲಿಪ್ಪು ಇದ್ದರೆ ಹೆಲ್ಮೆಟ್ ಕೂರುವುದಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಹಿಂದಕ್ಕೆ ವಾಲಬಾರದು. ಪಟ್ಟಿ ಕಿವಿಯ ಎರಡೂ ಬದಿಗೆ ಬಂದು ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದೆರಡು ಬೆರಳು ತೂರುವಷ್ಟು ಮಾತ್ರ ಸಡಿಲ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ, ತಲೆ ಬೇರೆ ಆಗಬಾರದು. ಬೆಳೆಯುವ ಮಗು ಅಂತ ಒಂದು ಸೈಜ್ ದೊಡ್ಡದು ತಗೋಬೇಡಿ, ಅದು ಯೂನಿಫಾರಂ ಅಲ್ಲ. ಅದೇ ದಿನ ಹಿಂದಕ್ಕೊಂದು ಕೆಂಪು ದೀಪ, ಹೊಸ ಬ್ರೇಕ್ ರಬ್ಬರ್ ಹಾಕಿಸಿ. ಬ್ಯಾಗು ಹ್ಯಾಂಡಲ್‌ಗೆ ನೇತುಹಾಕುವುದು ಬೇಡ, ಕ್ಯಾರಿಯರ್‌ಗೆ ಕಟ್ಟಲಿ. ವೇಲ್ ಇದ್ದರೆ ಸೊಂಟಕ್ಕೆ ಗಂಟು ಹಾಕಿಕೊಳ್ಳಲಿ. ವೇಲ್ ಚಕ್ರಕ್ಕೆ ಸಿಕ್ಕಿ ಬೀಳುವ ಹುಡುಗಿಯರಿಗೆ ಯಾವ ಕಾರೂ ಬೇಕಾಗಿಲ್ಲ.

ಕೊನೆಗೆ ಬ್ಯಾಟರಿ ಸೈಕಲ್. ಮೋಟಾರು 250 ವ್ಯಾಟ್ ಒಳಗೆ, ಗರಿಷ್ಠ ವೇಗ 25 ಕಿಲೋಮೀಟರ್ ಒಳಗೆ ಇದ್ದು, ಅದಕ್ಕೆ ಸರ್ಕಾರಿ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಲೈಸೆನ್ಸ್, ನಂಬರ್ ಪ್ಲೇಟ್ ಬೇಡ. ಆದರೆ ಕೆಲವು ಅಂಗಡಿಗಳಲ್ಲಿ "ಸ್ಪೀಡ್ ಲಾಕ್ ತೆಗೆದುಕೊಡ್ತೀವಿ, ನಲವತ್ತು ಹೋಗುತ್ತೆ" ಅನ್ನುತ್ತಾರೆ. ಲಾಕ್ ತೆಗೆದ ಕ್ಷಣ ಅದು ಮೋಟಾರು ವಾಹನ. ಆಗ ಲೈಸೆನ್ಸ್ ಬೇಕು, ಇನ್ಶೂರೆನ್ಸ್ ಬೇಕು. ನಿಮ್ಮ ಮಗಳ ವಯಸ್ಸಿಗೆ ಲೈಸೆನ್ಸ್ ಸಿಗುವುದಿಲ್ಲ. ಅವಳು ಅದನ್ನು ಓಡಿಸಿ ಸಿಕ್ಕಿಬಿದ್ದರೆ, ಅನಾಹುತ ಆಗದಿದ್ದರೂ, 199ಎ ಕಲಂ ಪ್ರಕಾರ ತಂದೆತಾಯಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕೊಡಿಸುವುದಾದರೆ ಬಿಲ್ಲಿನಲ್ಲಿ ಮೋಟಾರಿನ ವ್ಯಾಟ್ ಮತ್ತು ವೇಗ ಎರಡನ್ನೂ ಬರೆಸಿಕೊಳ್ಳಿ, ಒಪ್ಪಿಗೆ ಪತ್ರದ ಪ್ರತಿ ಕೇಳಿ. ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ಮುಂಗೈ ಪೂರ್ತಿ ಕೂಡಿದೆ, ಬ್ರೇಕ್ ಗಟ್ಟಿಯಾಗಿ ಹಿಡಿಯಬಹುದು ಅಂತ ಮೂಳೆ ಡಾಕ್ಟರ್ ಹೇಳುವವರೆಗೆ ಬ್ಯಾಟರಿಯದ್ದೂ ಬೇಡ, ಹಳೆಯದ್ದೂ ಬೇಡ.